ಒಂದೇ ಕುರುಕ್ಷೇತ್ರ, ಮೂರು ಪಟ್ಟಾಭಿಷೇಕ: ಹಲವರು ಸೇರಿ ಕಟ್ಟುವ ಕಥಾಲೋಕದ ಪಾಠಗಳು

ಕುರುಕ್ಷೇತ್ರ ಮುಗಿದ ಮೇಲೆ ಪಟ್ಟ ಯಾರಿಗಾಯಿತು? ವ್ಯಾಸರ ಭಾರತದಲ್ಲಿ ಧರ್ಮರಾಯನಿಗೆ. ಪಂಪನ ‘ವಿಕ್ರಮಾರ್ಜುನ ವಿಜಯ’ದಲ್ಲಿ ಅರ್ಜುನನಿಗೆ, ಪಕ್ಕದಲ್ಲಿ ಸುಭದ್ರೆ. ರನ್ನನ ‘ಗದಾಯುದ್ಧ’ದಲ್ಲಿ ಭೀಮನಿಗೆ, ಪಕ್ಕದಲ್ಲಿ ದ್ರೌಪದಿ. ಯುದ್ಧ ಒಂದು, ಮನೆತನ ಒಂದು, ಪಟ್ಟಾಭಿಷೇಕ ಮೂರು. ಸಾವಿರ ವರ್ಷದಿಂದ ಕನ್ನಡ ನಾಡು ಈ ಮೂರನ್ನೂ ಮಡಿಲಲ್ಲಿಟ್ಟುಕೊಂಡು ಬಂದಿದೆ. ಮುಂದೆ ಕುಮಾರವ್ಯಾಸ, ಲಕ್ಷ್ಮೀಶ, ದೊಡ್ಡಾಟದ ಮೇಳಗಳು, ಗಿರೀಶ ಕಾರ್ನಾಡರು, ಭೈರಪ್ಪನವರು ಅದೇ ಲೋಕಕ್ಕೆ ಇಳಿದು ತಮ್ಮ ತಮ್ಮ ಕಥೆ ಹೇಳಿದರು. ಜನ ಗೊಂದಲಗೊಳ್ಳಲಿಲ್ಲ.

ಬೆಂಗಳೂರಿನಲ್ಲಿ ಕೆಲವು ವರ್ಷ ಟಿವಿ ಧಾರಾವಾಹಿಗಳಿಗೆ ಚಿತ್ರಕಥೆ, ಸಂಭಾಷಣೆ ಬರೆದು ನಾನೀಗ ಧಾರವಾಡಕ್ಕೆ ಮರಳಿದ್ದೇನೆ. ಇಲ್ಲಿನ ಹುಡುಗ ಹುಡುಗಿಯರ ತಂಡವೊಂದರ ಜತೆ ಸೂಪರ್‌ಹೀರೊ ಕಥೆಗಳ ಲೋಕವೊಂದನ್ನು ಕಟ್ಟುತ್ತಿದ್ದೇನೆ. ಕಥೆಯ ನೆಲ ಹುಬ್ಬಳ್ಳಿ-ಧಾರವಾಡ. ಕೆಲವು ಭಾಗ ಆಡಿಯೊ ಧಾರಾವಾಹಿ, ಕೆಲವು ಕಿರುಚಿತ್ರ, ಒಂದು ರಂಗನಾಟಕ. ಬರೆಯುವವರು ಹಲವರು, ಲೋಕ ಒಂದು. ಈ ಹುಡುಗರು ಬೆಳೆದದ್ದು ಮಾರ್ವೆಲ್ ಚಿತ್ರಗಳನ್ನು ನೋಡುತ್ತ. 2008ರ ‘ಐರನ್ ಮ್ಯಾನ್’ನಿಂದ ಈಚಿನ ಪ್ರತಿ ಚಿತ್ರ, ಪ್ರತಿ ಸರಣಿಯ ವಿವರ ಅವರ ನಾಲಿಗೆಯ ತುದಿಯಲ್ಲಿದೆ. ಅವರಿಗೆ ನಾನು ತೋರಿಸಲು ಬಯಸಿದ್ದು ಇಷ್ಟು: ಒಂದೇ ಲೋಕದೊಳಗೆ ಹಲವರು ಕಥೆ ಹೇಳುವ ಆ ವಿದ್ಯೆ ನಮ್ಮ ಜಿಲ್ಲೆಗೆ ಹೊಸದಲ್ಲ. ಪಂಪನ ತಾಯಿಯ ತವರು ಅಣ್ಣಿಗೇರಿ. ಕುಮಾರವ್ಯಾಸನ ಊರು ಹುಬ್ಬಳ್ಳಿ ತಾಲ್ಲೂಕಿನ ಕೋಳಿವಾಡ. ಇಬ್ಬರೂ ತಮ್ಮದಲ್ಲದ ಲೋಕದೊಳಗೆ ಹೊಕ್ಕು ತಮ್ಮದೇ ಕಥೆ ಹೇಳಿದವರು. ಕೆಳಗಿನ ಪಾಠಗಳು ಈ ಕೆಲಸದ ನಡುವೆ ಕೂಡಿಬಂದವು.

1. ದಿನಾಂಕದ ಪಟ್ಟಿಗಿಂತ ಮೊದಲು ಋಣದ ಪಟ್ಟಿ

‘ಸ್ಪೈಡರ್-ಮ್ಯಾನ್: ಹೋಮ್‌ಕಮಿಂಗ್’ (2017) ಶುರುವಾಗುವುದು ನ್ಯೂಯಾರ್ಕ್ ಯುದ್ಧದ ಅವಶೇಷಗಳನ್ನು ತೆಗೆಯುವ ದೃಶ್ಯದಿಂದ. ಅದಾದ ಮೇಲೆ ‘ಎಂಟು ವರ್ಷಗಳ ನಂತರ’ ಎಂಬ ಅಕ್ಷರ ತೆರೆಯ ಮೇಲೆ ಬರುತ್ತದೆ. ಆ ಯುದ್ಧ ನಡೆದದ್ದು 2012ರ ‘ಅವೆಂಜರ್ಸ್’ನಲ್ಲಿ. ಎಂಟು ಕೂಡಿಸಿದರೆ 2020 ಆಗಬೇಕು. ಕಥೆಯಾದರೋ 2016ರ ‘ಸಿವಿಲ್ ವಾರ್’ ಮುಗಿದ ಸ್ವಲ್ಪ ದಿನಕ್ಕೇ ನಡೆಯುತ್ತದೆ. ಲೆಕ್ಕ ಕೂಡುವುದಿಲ್ಲ. ಅಭಿಮಾನಿಗಳು ಮೊದಲ ವಾರದಲ್ಲೇ ಹಿಡಿದರು, ವಾದಿಸಿದರು, ಆದರೂ ಚಿತ್ರವನ್ನು ಪ್ರೀತಿಸಿದರು. ಐರನ್ ಮ್ಯಾನ್ ಟೋನಿ ಸ್ಟಾರ್ಕ್‌ನ ಮೆಚ್ಚುಗೆಗಾಗಿ ಹಾತೊರೆಯುವ ಹುಡುಗ ಹಿಂದಿನ ಚಿತ್ರದಲ್ಲಿ ಹೇಗಿದ್ದನೋ ಇಲ್ಲಿಯೂ ಹಾಗೇ ಇದ್ದ. ಅವರಿಬ್ಬರ ನಡುವಿನ ಸಂಬಂಧದ ಲೆಕ್ಕ ತಪ್ಪಿರಲಿಲ್ಲ.

ಇನ್ನೊಂದು ಉದಾಹರಣೆ. ‘ಎಂಡ್‌ಗೇಮ್’ (2019) ಕಥೆಯಲ್ಲಿ ಅರ್ಧ ಜಗತ್ತು ಐದು ವರ್ಷ ಮಾಯವಾಗಿ ಮರಳಿ ಬರುತ್ತದೆ. ಇಷ್ಟು ದೊಡ್ಡ ಘಟನೆಯ ಭಾರವನ್ನು ಹೊರಲು ಹಲವು ಚಿತ್ರಗಳಿಗೆ ಆಗಲಿಲ್ಲ. 2021ರ ‘ವಾಂಡಾವಿಷನ್’ ಸರಣಿಯ ಒಂದೇ ದೃಶ್ಯಕ್ಕೆ ಅದು ಸಾಧ್ಯವಾಯಿತು. ಮೋನಿಕಾ ರಾಂಬೋ ಆಸ್ಪತ್ರೆಯ ಕುರ್ಚಿಯಲ್ಲಿ ಎಚ್ಚರಗೊಳ್ಳುತ್ತಾಳೆ. ಅವಳ ಪಾಲಿಗೆ ಕಳೆದದ್ದು ಒಂದು ಕ್ಷಣ. ತಾಯಿಯನ್ನು ಹುಡುಕಿಕೊಂಡು ಹೋದರೆ, ಆಕೆ ತೀರಿಕೊಂಡು ಮೂರು ವರ್ಷವಾಯಿತೆಂದು ವೈದ್ಯೆ ಹೇಳುತ್ತಾಳೆ. ಇಡೀ ಜಗತ್ತಿನ ಘಟನೆ ಒಬ್ಬಳ ಮನೆಯೊಳಗೆ ಬಂದು ಬೀಳುತ್ತದೆ. ನನ್ನ ಮಟ್ಟಿಗೆ ಆ ಲೋಕದ ಅತ್ಯುತ್ತಮ ಕಂಟಿನ್ಯುಟಿ (ಕಥೆಯಿಂದ ಕಥೆಗೆ ಎಳೆ ತಪ್ಪದಿರುವುದು) ಇರುವುದು ಆ ದೃಶ್ಯದಲ್ಲಿ.

ಲಕ್ಷ್ಮೀಶನ ‘ಜೈಮಿನಿ ಭಾರತ’ ಇದೇ ಕೆಲಸವನ್ನು ವೃಷಕೇತುವಿನ ಮೂಲಕ ಮಾಡಿತು. ವೃಷಕೇತು ಕರ್ಣನ ಮಗ. ಅಣ್ಣನೆಂದು ತಿಳಿಯದೆ ಕರ್ಣನನ್ನು ಕೊಂದ ಪಾಂಡವರು ಈಗ ಅವನ ಮಗನನ್ನು ಮುಂದಿಟ್ಟುಕೊಂಡು ಅಶ್ವಮೇಧಕ್ಕೆ ಹೊರಡುತ್ತಾರೆ. ಯುದ್ಧ ಎಂದೋ ಮುಗಿದಿದೆ, ಅದರ ಬಾಕಿ ಮುಗಿದಿಲ್ಲ. ಆ ಬಾಕಿಗೆ ಒಂದು ಮುಖ ಕೊಟ್ಟರೆ ಅದೇ ವೃಷಕೇತು. ಅವನು ಎಳೆಯ ವಯಸ್ಸಿನ ವೀರ ಎಂಬುದಷ್ಟೇ ಆಗಿದ್ದರೆ ಓದುಗರು ಅವನನ್ನು ಇಷ್ಟು ಹಚ್ಚಿಕೊಳ್ಳುತ್ತಿರಲಿಲ್ಲ.

ಆದ್ದರಿಂದ ನಮ್ಮ ತಂಡದಲ್ಲಿ ಎರಡು ಪುಸ್ತಕಗಳಿವೆ. ಒಂದರಲ್ಲಿ ದಿನಾಂಕ, ವಯಸ್ಸು, ವಿಳಾಸ. ಇನ್ನೊಂದು ಋಣದ ಪುಸ್ತಕ. ಪ್ರತಿ ಪಾತ್ರಕ್ಕೆ ಒಂದು ಪುಟ: ಯಾರಿಂದ ಏನು ಪಡೆದಳು, ಯಾರಿಗೆ ಏನು ಮಾತು ಕೊಟ್ಟಳು, ಯಾರಿಗೆ ನೋವು ಮಾಡಿದಳು, ಏನನ್ನು ಕಳೆದುಕೊಂಡಳು. ಹೊಸ ಕಥೆ ಬರೆಯಲು ಕುಳಿತವರು ಮೊದಲು ಓದಬೇಕಾದದ್ದು ಎರಡನೆಯದನ್ನು. ಕರ್ಣನಿಗೆ ಪರಶುರಾಮ ಕೊಟ್ಟ ಶಾಪ, ಬ್ರಾಹ್ಮಣನೊಬ್ಬ ಕೊಟ್ಟ ಶಾಪ ಎರಡೂ ಅವನ ಎಳವೆಯ ಕಥೆಯಲ್ಲಿವೆ. ರಥದ ಗಾಲಿ ಹೂತ ದಿನ ಎರಡೂ ಒಟ್ಟಿಗೆ ವಸೂಲಿಗೆ ಬರುತ್ತವೆ. ನಡುವೆ ಎಷ್ಟು ಪರ್ವ ಕಳೆದವೆಂದು ಕೇಳುಗ ಎಣಿಸುವುದಿಲ್ಲ, ಶಾಪವನ್ನು ಮಾತ್ರ ಮರೆಯುವುದಿಲ್ಲ.

2. ಯಾರಿಗೆ ಏನು ಗೊತ್ತು ಎಂಬುದನ್ನು ಬರೆದಿಡಿ

ಕನ್ನಡ ಟಿವಿಯಲ್ಲಿ ‘ಮಹಾಸಂಗಮ’ ಎಂಬ ಪದ್ಧತಿ ಇದೆ. ಎರಡು ಧಾರಾವಾಹಿಗಳ ಕುಟುಂಬಗಳು ಒಂದು ಮದುವೆಯಲ್ಲೋ ಜಾತ್ರೆಯಲ್ಲೋ ಸೇರುತ್ತವೆ. ಎರಡರ ಪ್ರಸಾರ ಸಮಯವನ್ನೂ ಕೂಡಿಸಿ ಒಂದೇ ಕಥೆ ಹರಿಯುತ್ತದೆ. ಹಂಚಿಕೊಂಡ ಲೋಕದ ಕಷ್ಟಗಳನ್ನೆಲ್ಲ ಇಕ್ಕಟ್ಟಾದ ಜಾಗದಲ್ಲಿ ಕಲಿಯಬೇಕೆಂದರೆ ಮಹಾಸಂಗಮದ ಬರಹಗಾರರ ಮೇಜಿನ ಬಳಿ ಕೂಡಬೇಕು. ಸೀರೆ, ಒಡವೆ, ತಲೆಗೂದಲು ಸರಿಹೊಂದಿಸಲು ಜನರಿರುತ್ತಾರೆ. ಸುಳಿ ಇರುವುದು ಗುಟ್ಟುಗಳಲ್ಲಿ. ಈ ಮನೆಯ ಸೊಸೆಗೆ ಗೊತ್ತಿರುವ ಸಂಗತಿ ಆ ಮನೆಯ ಅತ್ತೆಗೆ ಗೊತ್ತಾಗಬಾರದು, ಇಬ್ಬರೂ ಒಂದೇ ಚಪ್ಪರದಡಿ ಮೂರು ಸಂಚಿಕೆ ಕೂತಿರಬೇಕು. ಪ್ರೇಕ್ಷಕಿಗೆ ಎರಡೂ ಗೊತ್ತು. ಅವಳು ಹೊಸ ಘಟನೆಗೆ ಕಾಯುತ್ತಿಲ್ಲ, ಗುಟ್ಟು ಯಾವಾಗ ಒಡೆಯುತ್ತದೆಂದು ಕಾಯುತ್ತಿದ್ದಾಳೆ.

ಕರ್ಣನ ಹುಟ್ಟು ನಮ್ಮ ಸಾಹಿತ್ಯದ ಅತಿ ದೊಡ್ಡ ಗುಟ್ಟು. ಕುಂತಿಗೆ ಮೊದಲಿನಿಂದ ಗೊತ್ತು. ಕೃಷ್ಣನಿಗೆ ಗೊತ್ತು, ಭೀಷ್ಮನಿಗೆ ಗೊತ್ತು. ಕರ್ಣನಿಗೆ ಯುದ್ಧದ ಹೊಸ್ತಿಲಲ್ಲಿ ತಿಳಿಯುತ್ತದೆ. ವ್ಯಾಸರಲ್ಲಿ ಧರ್ಮರಾಯನಿಗೆ ತಿಳಿಯುವುದು ಎಲ್ಲ ಮುಗಿದು ಸತ್ತವರಿಗೆ ತರ್ಪಣ ಬಿಡುವಾಗ. ಈ ಸರದಿಯನ್ನು ಒಂದು ಹಾಳೆಯ ಮೇಲೆ ಬರೆದು ನೋಡಿ. ಧರ್ಮರಾಯನ ಹೆಸರನ್ನು ಯುದ್ಧಕ್ಕೂ ಹಿಂದೆ ಸರಿಸಿದರೆ ಯುದ್ಧವೇ ನಿಂತುಬಿಡಬಹುದು. ಕಥೆಯ ಕಟ್ಟಡ ನಿಂತದ್ದು ತಿಳಿವಳಿಕೆಯ ಸರದಿಯ ಮೇಲೆ.

ಮಾರ್ವೆಲ್ ಲೋಕ ಈ ಲೆಕ್ಕವನ್ನು ಕೈಬಿಟ್ಟ ಜಾಗ ಏಜೆಂಟ್ ಕೋಲ್ಸನ್‌ನ ಕಥೆ. 2012ರ ‘ಅವೆಂಜರ್ಸ್’ನಲ್ಲಿ ಅವನು ಸಾಯುತ್ತಾನೆ. ಬೇರೆ ಬೇರೆ ದಿಕ್ಕಿಗಿದ್ದ ವೀರರು ಒಂದಾಗುವುದಕ್ಕೆ ಆ ಸಾವೇ ನೆಪ. ಮರುವರ್ಷ ಟಿವಿ ಸರಣಿ ‘ಏಜೆಂಟ್ಸ್ ಆಫ್ ಶೀಲ್ಡ್’ನಲ್ಲಿ ಅವನು ಬದುಕಿ ಬಂದ, ಸರಣಿ 2020ರವರೆಗೆ ಏಳು ಸೀಸನ್ ನಡೆಯಿತು. ಯಾರ ಸಾವಿಗಾಗಿ ಒಂದಾದರೋ ಅವನು ಬದುಕಿದ್ದಾನೆಂದು ಅವೆಂಜರ್ಸ್ ತಂಡಕ್ಕೆ ಯಾವ ಚಿತ್ರದಲ್ಲೂ ತಿಳಿಯಲಿಲ್ಲ. ಕರ್ಣನ ಗುಟ್ಟನ್ನು ಕುಂತಿ ಬಾಯಿ ಬಿಡದೆ ಹೋದ ಹಾಗಾಯಿತು. ಅಷ್ಟು ದೊಡ್ಡ ದೃಶ್ಯವೊಂದು ಬರೆಯದೇ ಉಳಿಯಿತಲ್ಲ ಎಂಬ ಸಂಕಟ ನನಗೆ ಇಂದಿಗೂ ಇದೆ.

ನಮ್ಮ ಲೋಕದ ನಾಯಕಿಯ ತಾಯಿ ಬೆಂಗೇರಿಯ ಖಾದಿ ಕೇಂದ್ರದಲ್ಲಿ ರಾಷ್ಟ್ರಧ್ವಜ ಹೊಲಿಯುವವಳು. ಮಗಳಿಗೆ ಶಕ್ತಿ ಬಂದಿರುವುದು ತಾಯಿಗೆ ಗೊತ್ತಿಲ್ಲ. ಈ ಗೊತ್ತಿಲ್ಲದಿರುವಿಕೆಯನ್ನು ಕಾಯಲು ಗೋಡೆಯ ಮೇಲೊಂದು ಕೋಷ್ಟಕ ಅಂಟಿಸಿದ್ದೇವೆ: ಎಡಗಡೆ ಗುಟ್ಟುಗಳು, ಮೇಲುಗಡೆ ಪಾತ್ರಗಳು, ಪ್ರತಿ ಮನೆಯಲ್ಲಿ ‘ಯಾವ ಕಂತಿನಲ್ಲಿ ತಿಳಿಯಿತು’. ಹಲವರು ಸೇರಿ ಬರೆಯುವ ಕೆಲಸದಲ್ಲಿ ಇದಕ್ಕಿಂತ ಉಪಯುಕ್ತವಾದ ಹಾಳೆಯನ್ನು ನಾನು ಕಂಡಿಲ್ಲ.

3. ನಡುರಾತ್ರಿ ಬಂದವನಿಗೂ ಕಥೆ ಸಿಗಬೇಕು

ನಮ್ಮ ಸೀಮೆಯ ದೊಡ್ಡಾಟ ರಾತ್ರಿಯಿಡೀ ನಡೆಯುತ್ತದೆ. ಹೊಲದ ಕೆಲಸ ಮುಗಿಸಿ ತಡವಾಗಿ ಬಂದವರು, ನಡುವೆ ತೂಕಡಿಸಿ ಎದ್ದವರು, ಪಕ್ಕದ ಊರಿನಿಂದ ನಡೆದು ಬಂದವರು ಎಲ್ಲರೂ ಅಲ್ಲಿದ್ದಾರೆ. ಆಟ ಅವರನ್ನು ಹೊರಗಿಡುವುದಿಲ್ಲ. ಪಾತ್ರ ರಂಗಕ್ಕೆ ಬಂದೊಡನೆ ಸಾರಥಿ ಅದನ್ನು ತಡೆದು ಕೇಳುತ್ತಾನೆ: ತಾವು ಯಾರು, ಯಾವ ದೇಶ, ಬಂದ ಕಾರಣವೇನು. ಪಾತ್ರ ತನ್ನ ಕುಲ, ಪರಾಕ್ರಮ, ಈ ರಾತ್ರಿಯ ಉದ್ದೇಶವನ್ನು ಹೇಳಿಕೊಳ್ಳುತ್ತದೆ. ಹಿಂದಿನ ಕಥೆ ಗೊತ್ತಿದ್ದವನಿಗೆ ಅದು ಮೆರವಣಿಗೆ, ಗೊತ್ತಿಲ್ಲದವನಿಗೆ ಪೀಠಿಕೆ. ಇಬ್ಬರೂ ಖುಷಿಯಾಗುತ್ತಾರೆ. ‘ಕರ್ಣಪರ್ವ’ ನೋಡಲು ಬಂದವನು ಮೊದಲ ಏಳು ಪರ್ವ ನೋಡಿರಬೇಕೆಂಬ ಷರತ್ತನ್ನು ಯಾವ ಮೇಳವೂ ಹಾಕಿಲ್ಲ.

2023ರ ‘ದಿ ಮಾರ್ವೆಲ್ಸ್’ನ ಮೂವರು ನಾಯಕಿಯರಲ್ಲಿ ಇಬ್ಬರ ಕಥೆ ಬೆಳೆದದ್ದು ‘ವಾಂಡಾವಿಷನ್’, ‘ಮಿಸ್ ಮಾರ್ವೆಲ್’ ಎಂಬ ಟಿವಿ ಸರಣಿಗಳಲ್ಲಿ. ಅವನ್ನು ನೋಡದೆ ಚಿತ್ರಮಂದಿರಕ್ಕೆ ಬಂದವರಿಗೆ ಹಿಂದಿನ ಪಾಠ ಓದದೆ ಪರೀಕ್ಷೆಗೆ ಕೂತ ಅನುಭವ. ಮಾರ್ವೆಲ್ ಲೋಕದ ಚಿತ್ರಗಳಲ್ಲೇ ಅತಿ ಕಡಿಮೆ ಗಳಿಸಿದ ಚಿತ್ರವಾಗಿ ಅದು ಉಳಿಯಿತು. ಕಾರಣಗಳು ಹಲವಿರಬಹುದು, ಈ ಹೊಸ್ತಿಲು ಅವುಗಳಲ್ಲೊಂದು ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಹಿಂದಿನದನ್ನು ನೆನಪಿಸಲು ರನ್ನ ತೋರಿದ ದಾರಿ ಬೇರೆ. ‘ಗದಾಯುದ್ಧ’ದಲ್ಲಿ ಅವನು ಕೊನೆಯ ದಿನದ ಮೇಲೆ ನಿಂತು, ಸಿಂಹ ಹೊರಳಿ ನೋಡುವ ಹಾಗೆ, ಇಡೀ ಭಾರತವನ್ನು ಹಿಂತಿರುಗಿ ನೋಡಿಸುತ್ತಾನೆ. ಸಿಂಹಾವಲೋಕನ ಕ್ರಮವೆಂದು ಅವನೇ ಅದನ್ನು ಕರೆದ. ಹೆಣಗಳ ನಡುವೆ ನಡೆಯುವ ದುರ್ಯೋಧನ ದ್ರೋಣನನ್ನು, ದುಶ್ಶಾಸನನನ್ನು, ಕರ್ಣನನ್ನು ಒಬ್ಬೊಬ್ಬರಾಗಿ ಕಂಡು ಅಳುತ್ತಾನೆ. ಅಲ್ಲಿ ನೆನಪೆಂದರೆ ದುಃಖವೂ ಹೌದು. ‘ಎಂಡ್‌ಗೇಮ್’ನ ವೀರರು ಕಾಲದಲ್ಲಿ ಹಿಂದೆ ಹೋಗಿ 2012ರ ನ್ಯೂಯಾರ್ಕನ್ನು, ಥಾರ್‌ನ ತಾಯಿ ಬದುಕಿದ್ದ ದಿನದ ಆಸ್ಗಾರ್ಡನ್ನು ಮತ್ತೆ ನೋಡುವಾಗ ನಡೆಯುವುದೂ ಇದೇ. ‘ಹಿಂದಿನ ಸಂಚಿಕೆಯಲ್ಲಿ’ ಎಂಬ ತುಣುಕು ಮಾಹಿತಿ ಕೊಡುತ್ತದೆ. ಪಾತ್ರವೇ ಹಿಂತಿರುಗಿ ನೋಡಿದರೆ ಮಾಹಿತಿಯ ಜತೆ ಎದೆಯೂ ಬರುತ್ತದೆ. ನಮ್ಮ ಹುಡುಗರಿಗೆ ನಾನು ಕೊಟ್ಟ ಕಟ್ಟಪ್ಪಣೆ: ಹಳೆಯ ಘಟನೆಯನ್ನು ನೆನಪಿಸುವುದಾದರೆ, ಆ ಘಟನೆಯಿಂದ ನೋವಾದ ಪಾತ್ರದ ಬಾಯಿಂದ ನೆನಪಿಸಿ.

4. ಊರಿನವರಿಗೆ ಊರಿನ ಲೆಕ್ಕ ಗೊತ್ತಿದೆ

ಹುಬ್ಬಳ್ಳಿಗೂ ಧಾರವಾಡಕ್ಕೂ ಸುಮಾರು 20 ಕಿಲೋಮೀಟರ್. ಲೈನ್ ಬಜಾರಿನಲ್ಲಿ ಪೇಢೆ ಕೊಂಡ ಪಾತ್ರ ಮರುಕ್ಷಣ ಚೆನ್ನಮ್ಮ ವೃತ್ತದಲ್ಲಿ ಓಡುತ್ತಿದ್ದರೆ ಇಲ್ಲಿನವರು ಸುಮ್ಮನಿರುವುದಿಲ್ಲ. ಹಾರುವ ಶಕ್ತಿ ಇದ್ದವಳಿಗೆ ಸರಿ, ಅವಳ ತಮ್ಮ ಎರಡೂ ಊರಿನ ನಡುವೆ ಓಡುವ ಚಿಗರಿ ಬಸ್ಸಿನಲ್ಲೇ ಬರಬೇಕು. ಚಿಗರಿ ಓಡಲು ಶುರುವಾದದ್ದು 2018ರಲ್ಲಿ, ಅದಕ್ಕೂ ಹಿಂದಿನ ಕಥೆಯಲ್ಲಿ ಅದು ಕಾಣಬಾರದು. ಹುಬ್ಬಳ್ಳಿ ರೈಲು ನಿಲ್ದಾಣಕ್ಕೆ ಸಿದ್ಧಾರೂಢ ಸ್ವಾಮಿಗಳ ಹೆಸರು ಬಂದದ್ದು 2020ರಲ್ಲಿ. 1507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್ ಉದ್ಘಾಟನೆಯಾದದ್ದು 2023ರ ಮಾರ್ಚಿನಲ್ಲಿ. ನಮ್ಮ ಕಥೆಯ ಒಂದು ಬೆನ್ನಟ್ಟುವ ದೃಶ್ಯ ಆ ಪ್ಲಾಟ್‌ಫಾರ್ಮಿನ ಉದ್ದವನ್ನೇ ನಂಬಿದೆ. ಹಾಗಾಗಿ ಆ ಕಥೆಯ ಕಾಲವನ್ನು 2023ರ ನಂತರಕ್ಕೇ ಕಟ್ಟಿಹಾಕಿದ್ದೇವೆ. ಇಂಗ್ಲಿಷ್ ಬೋರ್ಡುಗಳಲ್ಲಿ ‘ಹುಬ್ಳಿ’ ಹೋಗಿ ‘ಹುಬ್ಬಳ್ಳಿ’ ಬಂದದ್ದು 2014ರ ನವೆಂಬರ್ 1ರ ನಂತರ. ಹಳೆಯ ಕಾಲದ ದೃಶ್ಯ ಚಿತ್ರಿಸುವವರು ಅಂಗಡಿಯ ಫಲಕ ನೋಡಿ ಕ್ಯಾಮೆರಾ ಇಡಲಿ.

ಇವನ್ನೆಲ್ಲ ಪಾಲಿಸುವುದು ಕಷ್ಟದ ಕೆಲಸವಲ್ಲ, ಒಬ್ಬರಿಗೆ ಒಪ್ಪಿಸಿದರೆ ಸಾಕು.

5. ಪಾತ್ರದ ಮಾತು ಬರಹಗಾರನೊಡನೆ ಬದಲಾಗಬಾರದು

ಇದು ಉತ್ತರ ಕರ್ನಾಟಕದ ಪಾತ್ರಗಳಿಗೆ ಟಿವಿಯಲ್ಲೂ ಸಿನಿಮಾದಲ್ಲೂ ಮತ್ತೆ ಮತ್ತೆ ಆಗುವ ಅನ್ಯಾಯ. ಮೊದಲ ಹತ್ತು ಸಂಚಿಕೆ ‘ಏನ್ ಮಾಡಾಕತ್ತೀರಿ’ ಎಂದವನು, ಸಂಭಾಷಣೆಕಾರರು ಬದಲಾದ ವಾರ ‘ಏನ್ ಮಾಡ್ತಿದ್ದೀರಾ’ ಎನ್ನುತ್ತಾನೆ. ಮತ್ತೊಬ್ಬರು ಬಂದರೆ ಪ್ರತಿ ಮಾತಿಗೂ ‘ರೀ’ ಅಂಟಿಸಿ ಮುಗಿಸುತ್ತಾರೆ. ಪ್ರೇಕ್ಷಕನ ಕಿವಿಗೆ ಇದು ನಟ ಬದಲಾದದ್ದಕ್ಕಿಂತ ದೊಡ್ಡ ಬಿರುಕು.

ಇಲ್ಲಿನ ಮಾತು ಒಂದೇ ಬಗೆಯದೂ ಅಲ್ಲ. ಹಳೇ ಹುಬ್ಬಳ್ಳಿಯಲ್ಲಿ ‘ಮಾಡಾಕತ್ತೇನಿ’ ಎಂದರೆ, ಧಾರವಾಡದ ಕೆಲವು ಮನೆಗಳಲ್ಲಿ ‘ಮಾಡ್ಲಿಕ್ಕತ್ತೇನಿ’. ಉರ್ದು ಬೆರೆತ ಓಣಿ ಇದೆ, ಮರಾಠಿ ಬೆರೆತ ಮನೆ ಇದೆ, ಗದಗಿನ ಕಡೆಯಿಂದ ಬಂದು ನೆಲೆಸಿದವರ ಎಳೆತ ಇದೆ. ಪ್ರತಿ ಪಾತ್ರಕ್ಕೂ ಅವರ ಓಣಿ ಯಾವುದು, ತಾಯಿಯ ಊರು ಯಾವುದು ಎಂದು ನಾವು ಮೊದಲೇ ತೀರ್ಮಾನಿಸುತ್ತೇವೆ. ಆ ಪಾತ್ರ ಸಿಟ್ಟಾದಾಗ, ಹೆದರಿದಾಗ, ಸಾಹೇಬರ ಮುಂದೆ ನಿಂತಾಗ ಹೇಗೆ ಮಾತಾಡುತ್ತದೆಂದು ಧ್ವನಿಮುದ್ರಿಸಿ ಇಡುತ್ತೇವೆ. ಹೊಸ ಬರಹಗಾರ ಬಂದರೆ ಪೆನ್ನು ಹಿಡಿಯುವ ಮೊದಲು ಅದನ್ನು ಕೇಳಬೇಕು. ಬರೆದ ಮೇಲೆ ಗಟ್ಟಿಯಾಗಿ ಓದಬೇಕು. ಕಾಗದದ ಮೇಲೆ ಸರಿ ಕಂಡ ಎಷ್ಟೋ ಮಾತು ಬಾಯಿಗೆ ಬಂದಾಗ ಬೇರೆ ಊರಿನದೆಂದು ಗೊತ್ತಾಗುತ್ತದೆ.

6. ನಟ ಬದಲಾದರೆ ಕಥೆಯೊಳಗಿನಿಂದಲೇ ಉತ್ತರ ಹುಡುಕಿ

‘ಕೆಜಿಎಫ್’ ಮೊದಲ ಅಧ್ಯಾಯದಲ್ಲಿ (2018) ರಾಕಿಯ ಕಥೆ ಹೇಳುವವರು ಅನಂತನಾಗ್, ಆನಂದ್ ಇಂಗಳಗಿಯಾಗಿ. ಎರಡನೆಯ ಅಧ್ಯಾಯದಲ್ಲಿ (2022) ಅವರಿಲ್ಲ. ಚಿತ್ರ ಏನು ಮಾಡಿತು? ಇಂಗಳಗಿಗೆ ಕಾಯಿಲೆಯಾಯಿತೆಂದು ಹೇಳಿ, ಮಗ ವಿಜಯೇಂದ್ರ ಇಂಗಳಗಿಯನ್ನು, ಅಂದರೆ ಪ್ರಕಾಶ್ ರಾಜ್ ಅವರನ್ನು, ಅಪ್ಪನ ಹಸ್ತಪ್ರತಿಯ ಮುಂದೆ ಕೂರಿಸಿತು. ಹೇಳುವವನು ಬದಲಾದದ್ದೇ ಕಥೆಯ ಒಂದು ತಿರುವಾಯಿತು. ವೈಶಂಪಾಯನ ಜನಮೇಜಯನಿಗೆ ಹೇಳಿದ್ದನ್ನು ಸೂತ ನೈಮಿಷಾರಣ್ಯದ ಋಷಿಗಳಿಗೆ ಹೇಳುವ ಭಾರತದ ಕಟ್ಟನ್ನು ಬಲ್ಲವರಿಗೆ ಈ ಉಪಾಯ ಹೊಸದೆನಿಸದು. ಒಬ್ಬ ನಿರೂಪಕನ ಕೈಯಿಂದ ಇನ್ನೊಬ್ಬನಿಗೆ ಕಥೆ ದಾಟಬಹುದೆಂದು ನಮ್ಮ ಪ್ರೇಕ್ಷಕ ಮೊದಲೇ ಒಪ್ಪಿಕೊಂಡಿದ್ದಾನೆ.

ಮಾರ್ವೆಲ್‌ನವರು ಹಲ್ಕ್ ಪಾತ್ರಕ್ಕೆ ಎಡ್ವರ್ಡ್ ನಾರ್ಟನ್ ಬದಲು ಮಾರ್ಕ್ ರಫಲೋ ಅವರನ್ನು ತಂದಾಗ ಏನನ್ನೂ ವಿವರಿಸಲಿಲ್ಲ. ರಫಲೋ ಪಾತ್ರದ ಒಳಗಿನ ಭಯವನ್ನು ಸರಿಯಾಗಿ ಹಿಡಿದರು, ಅಷ್ಟಕ್ಕೆ ಜನ ಒಪ್ಪಿದರು. ಶಂಕರ್‌ನಾಗ್ ಅವರ ‘ಮಾಲ್ಗುಡಿ ಡೇಸ್’ನಲ್ಲಿ ಅನಂತನಾಗ್ ಬೇರೆ ಬೇರೆ ಕಥೆಗಳಲ್ಲಿ ಬೇರೆ ಬೇರೆ ಮನುಷ್ಯರಾಗಿ ಬಂದರೂ ಯಾರೂ ತಕರಾರು ತೆಗೆಯಲಿಲ್ಲ. ಆ ಲೋಕವನ್ನು ಹಿಡಿದಿಟ್ಟಿದ್ದು ಊರು, ಎಲ್. ವೈದ್ಯನಾಥನ್ ಅವರ ಸಂಗೀತ, ಆರ್.ಕೆ. ನಾರಾಯಣರ ದೃಷ್ಟಿ. ನಿಮ್ಮ ಲೋಕದ ಬೆಸುಗೆ ಯಾವುದೆಂದು ಮೊದಲೇ ಗೊತ್ತಿದ್ದರೆ ಮುಖ ಬದಲಾದಾಗ ಗಾಬರಿಯಾಗುವುದಿಲ್ಲ.

7. ಬದಲಿಸಿದರೆ ಬೇರಿನವರೆಗೆ ಹೋಗಿ, ಇಲ್ಲವೇ ಖಾಲಿ ಜಾಗ ಹುಡುಕಿ

ಪಂಪ ತನ್ನ ಒಡೆಯ ಅರಿಕೇಸರಿಯನ್ನು ಅರ್ಜುನನಲ್ಲಿ ಕಂಡವನು. ಆದ್ದರಿಂದ ಅವನ ಕಾವ್ಯದಲ್ಲಿ ದ್ರೌಪದಿ ಅರ್ಜುನನೊಬ್ಬನ ಹೆಂಡತಿ. ಒಂದೇ ಗಂಟು ಬಿಚ್ಚಿದ ಹಾಗೆ ಕಾಣುತ್ತದೆ, ಆದರೆ ಆ ಗಂಟಿಗೆ ಎಷ್ಟೋ ಎಳೆಗಳು ಸೇರಿವೆ. ತುಂಬಿದ ಸಭೆಯಲ್ಲಿ ಅವಮಾನವಾದಾಗ ಪ್ರತಿಜ್ಞೆ ಮಾಡುವವನು ಭೀಮ, ದುಶ್ಶಾಸನನ ರಕ್ತದಿಂದ ಮುಡಿ ಕಟ್ಟಿಸುವವನು ಭೀಮ. ತಮ್ಮನ ಹೆಂಡತಿಗಾಗಿ ಆ ಮಟ್ಟದ ಉರಿ ಏಕೆ, ಅರ್ಜುನ ಏಕೆ ಹಿಂದೆ ನಿಂತ ಎಂಬ ಪ್ರಶ್ನೆ ಪಂಪನ ಓದುಗನಿಗೆ ಏಳದೆ ಇರುವುದಿಲ್ಲ. ಭೀಮನ ಪ್ರತಿಜ್ಞೆಯನ್ನು ಪಂಪ ಕೈಬಿಡಲಾರ, ಕೈಬಿಟ್ಟರೆ ಯುದ್ಧದ ಅರ್ಧ ಬೆಂಕಿ ಆರುತ್ತದೆ. ಪಂಪನಂಥ ಮಹಾಕವಿ ಮಾತಿನ ಬಲದಿಂದ ಆ ಬಿರುಕನ್ನು ದಾಟಿಸಿದ. ನಾವು ಪಂಪರಲ್ಲ, ನಮಗೆ ಎಚ್ಚರ ಬೇಕು. ಒಂದು ಮದುವೆ, ಒಂದು ಜನ್ಮರಹಸ್ಯ, ಒಂದು ಸಾವನ್ನು ಬದಲಿಸುವ ಮೊದಲು ಅದಕ್ಕೆ ಅಂಟಿಕೊಂಡ ಎಲ್ಲ ದೃಶ್ಯಗಳನ್ನೂ ಪಟ್ಟಿ ಮಾಡಿ. ಅಷ್ಟನ್ನೂ ಬದಲಿಸುವ ಧೈರ್ಯವಿದ್ದರೆ ಭೈರಪ್ಪನವರು ‘ಪರ್ವ’ದಲ್ಲಿ (1979) ಮಾಡಿದಂತೆ ಮಾಡಬಹುದು. ಅವರು ವರ, ಶಾಪ, ಪವಾಡಗಳನ್ನು ಬುಡಸಮೇತ ತೆಗೆದರು, ಆ ಲೋಕ ಬೇರೆಯದೇ ಎಂಬುದು ಓದುಗನಿಗೆ ಬೇಗ ತಿಳಿಯಿತು.

ಎರಡನೆಯ ದಾರಿ ಧಾರವಾಡದ್ದು. ಕಾರ್ನಾಡರ ‘ಯಯಾತಿ’ಯನ್ನು ಇಲ್ಲಿನ ಮನೋಹರ ಗ್ರಂಥಮಾಲೆ 1961ರಲ್ಲಿ ಪ್ರಕಟಿಸಿತು. ಯಯಾತಿಗೆ ಶಾಪ ತಟ್ಟುತ್ತದೆ, ಮಗ ಪುರು ಅಪ್ಪನ ಮುಪ್ಪನ್ನು ಹೊರುತ್ತಾನೆ. ಪುರಾಣದ ಈ ಘಟನೆಗಳು ನಾಟಕದಲ್ಲಿ ಇದ್ದ ಹಾಗೇ ಇವೆ. ಕಾರ್ನಾಡರು ಸೇರಿಸಿದ್ದು ಒಬ್ಬ ಹೆಣ್ಣುಮಗಳನ್ನು: ಪುರುವಿನ ಹೆಂಡತಿ ಚಿತ್ರಲೇಖೆ. ತರುಣ ಮಗ ಒಂದು ರಾತ್ರಿಯಲ್ಲಿ ಮುದುಕನಾದರೆ ಅವನ ಹೆಂಡತಿಯ ಗತಿಯೇನು ಎಂಬ ಪ್ರಶ್ನೆಯನ್ನು ಪುರಾಣ ಕೇಳಿರಲಿಲ್ಲ. ಆ ಖಾಲಿ ಜಾಗದಲ್ಲಿ ಅವಳು ಬಂದು ನಿಂತಳು, ತ್ಯಾಗದ ಕಥೆಯ ಅರ್ಥವೇ ಬದಲಾಯಿತು. ಶಾಪದ, ಮುಪ್ಪಿನ ಇಟ್ಟಿಗೆಗಳನ್ನು ಅವರು ಕೀಳಲಿಲ್ಲ. ಹಂಚಿಕೊಂಡ ಲೋಕಕ್ಕೆ ಹೊಸದಾಗಿ ಬರುವ ಬರಹಗಾರನಿಗೆ ಇದಕ್ಕಿಂತ ಒಳ್ಳೆಯ ಮಾದರಿಯನ್ನು ನಾನು ಕಾಣೆ. ನಮ್ಮ ತಂಡದ ಒಬ್ಬಳು ಈ ನಾಟಕ ಓದಿದ ಮೇಲೆ, ನಮ್ಮ ಖಳನಾಯಕ ಕೆಡವಿದ ಕಟ್ಟಡದ ಕಾವಲುಗಾರನ ಮನೆಯ ಕಥೆಯನ್ನು ಬರೆದಳು. ಈವರೆಗೆ ನಮ್ಮಲ್ಲಿ ಬಂದ ಅತ್ಯುತ್ತಮ ಕಂತು ಅದು.

ಹಳೆಯ ತಪ್ಪನ್ನು ಮುಚ್ಚುವುದೂ ಇದೇ ಗುಂಪಿಗೆ ಸೇರಿದ್ದು. 2011ರ ‘ಥಾರ್’ನಲ್ಲಿ ಓಡಿನ್‌ನ ಭಂಡಾರದಲ್ಲಿ ಕಂಡ ಮಾಂತ್ರಿಕ ಗವುಸು ಬಲಗೈಯದು, 2015ರಲ್ಲಿ ಖಳನಾಯಕ ಥಾನೋಸ್ ತೊಟ್ಟದ್ದು ಎಡಗೈಯದು. 2017ರ ‘ರಾಗ್ನರಾಕ್’ನಲ್ಲಿ ಓಡಿನ್‌ನ ಮಗಳು ಹೇಲಾ ಹಳೆಯದನ್ನು ಬೀಳಿಸಿ ಅದು ನಕಲಿ ಎಂದುಬಿಡುತ್ತಾಳೆ. ಒಂದೇ ಮಾತು, ಅದೂ ಸತ್ಯವನ್ನು ಬಲ್ಲ, ಯಾರ ಮುಲಾಜೂ ಇಲ್ಲದ ಪಾತ್ರದ ಬಾಯಲ್ಲಿ. ತೇಪೆ ಹಾಕುವುದಿದ್ದರೆ ಹೀಗೆ.

8. ದೊಡ್ಡ ತೆರೆಯ ತೀರ್ಮಾನ ಚಿಕ್ಕ ತೆರೆಗೆ ಮೊದಲೇ ಗೊತ್ತಿರಲಿ

2014ರ ಏಪ್ರಿಲ್‌ನಲ್ಲಿ ‘ವಿಂಟರ್ ಸೋಲ್ಜರ್’ ಚಿತ್ರ ಶೀಲ್ಡ್ ಸಂಸ್ಥೆಯನ್ನೇ ಒಳಗಿನ ದ್ರೋಹದಿಂದ ಉರುಳಿಸಿತು. ಆಗ ಅದೇ ಸಂಸ್ಥೆಯ ಹೆಸರಿನ ಟಿವಿ ಸರಣಿ ಮೊದಲ ಸೀಸನ್ನಿನ ನಡುವೆ ಇತ್ತು. ಚಿತ್ರ ಅಮೆರಿಕದಲ್ಲಿ ತೆರೆಕಂಡ ಕೆಲವೇ ದಿನಗಳಲ್ಲಿ ಸರಣಿಯಲ್ಲೂ ಸಂಸ್ಥೆ ಉರುಳಿತು. ನಂಬಿದ್ದ ಗೆಳೆಯ ವಾರ್ಡ್ ದ್ರೋಹಿಯೆಂದು ತಿಳಿಯಿತು. ಅಲ್ಲಿಯವರೆಗೆ ಸಪ್ಪೆಯಾಗಿದ್ದ ಸರಣಿಗೆ ಜೀವ ಬಂದದ್ದು ಅಲ್ಲಿಂದ. ಹಾಗೆಯೇ ಆ ತಿರುವು ಬರುವವರೆಗೆ ಗುಟ್ಟು ಕಾಯುತ್ತ ಎಷ್ಟೋ ಸಂಚಿಕೆಗಳನ್ನು ಹೇಗೋ ತಳ್ಳಬೇಕಾಯಿತು ಎಂಬುದೂ ನೋಡಿದರೆ ತಿಳಿಯುತ್ತದೆ. ಚಿಕ್ಕದು ದೊಡ್ಡದನ್ನು ಕಾಯಬೇಕಾದ ವ್ಯವಸ್ಥೆಯಲ್ಲಿ ಚಿಕ್ಕದಕ್ಕೆ ತನ್ನದೇ ಆದ ಒಂದು ಪ್ರಶ್ನೆ ಬೇಕು, ದೊಡ್ಡ ಚಿತ್ರ ಬರಲಿ ಬಿಡಲಿ ಕೇಳುಗ ಕಾಯುವಂಥದ್ದು. ನಮ್ಮಲ್ಲಿ ರಂಗನಾಟಕದ ಅಂತ್ಯವನ್ನು ಆಡಿಯೊ ತಂಡಕ್ಕೆ ಮೊದಲ ದಿನವೇ ಹೇಳಿದ್ದೇವೆ.

9. ಸತ್ತವರನ್ನು ಎಬ್ಬಿಸುವ ಮುನ್ನ ಬೆಲೆ ಕೇಳಿ

‘ಜೈಮಿನಿ ಭಾರತ’ದಲ್ಲಿ ಅರ್ಜುನ-ಚಿತ್ರಾಂಗದೆಯರ ಮಗ ಬಬ್ರುವಾಹನನ ಬಾಣಕ್ಕೆ ಅರ್ಜುನನೂ ವೃಷಕೇತುವೂ ಬೀಳುತ್ತಾರೆ, ಮತ್ತೆ ಏಳುತ್ತಾರೆ. ಆದರೆ ನಡುವೆ ಚಿತ್ರಾಂಗದೆಯ ಗೋಳು ಇದೆ, ತಂದೆಯನ್ನೇ ಕೊಂದೆನೆಂದು ಬೇಯುವ ಮಗ ಇದ್ದಾನೆ, ಪಾತಾಳದಿಂದ ಮಣಿ ತರುವ ಕಷ್ಟವಿದೆ. ಎದ್ದ ಮೇಲೆ ಅಪ್ಪ ಮಗ ಮೊದಲಿನವರಾಗಿ ಉಳಿಯುವುದಿಲ್ಲ. ನಮ್ಮ ನಿಯಮ ಸರಳ: ಎದ್ದು ಬಂದವನ ಋಣದ ಪುಟದಲ್ಲಿ ಒಂದು ದೊಡ್ಡ ಸಾಲು ಹೊಸದಾಗಿ ಬರೆಯಲು ಸಾಧ್ಯವಾಗದಿದ್ದರೆ, ಅವನು ಸತ್ತೇ ಇರಲಿ.

10. ಎಲ್ಲಿ ನಿಲ್ಲಿಸಬೇಕೆಂದು ತೀರ್ಮಾನಿಸಿ, ಉಳಿದದ್ದನ್ನು ಹಸ್ತಾಂತರಿಸಿ

ರಾಮಾಯಣದ ಕವಿಗಳ ಭಾರಕ್ಕೆ ಭೂಮಿ ಹೊತ್ತ ಆದಿಶೇಷ ತಿಣುಕುತ್ತಿದ್ದಾನೆ ಎಂಬರ್ಥದ ಮಾತನ್ನು ಕುಮಾರವ್ಯಾಸ ತನ್ನ ಕಾವ್ಯದ ಆರಂಭದಲ್ಲೇ ಆಡಿದ. ಜನ ಕಿಕ್ಕಿರಿದ ಲೋಕಕ್ಕೆ ಇನ್ನೊಂದು ಪುಸ್ತಕ ಸೇರಿಸುವ ಬದಲು ಭಾರತವನ್ನು ಆರಿಸಿಕೊಂಡ. ಅಲ್ಲಿಯೂ ಹದಿನೆಂಟು ಪರ್ವಗಳಲ್ಲಿ ಮೊದಲ ಹತ್ತನ್ನು ಮಾತ್ರ ಹೇಳಿದ. ಅವನ ನಾಯಕ ಕೃಷ್ಣ, ಅವನಿಗೆ ಬೇಕಾದ ಕಥೆ ಗದಾಪರ್ವಕ್ಕೆ ಮುಗಿಯಿತು. ಗದುಗಿನ ವೀರನಾರಾಯಣನ ಸನ್ನಿಧಿಯಲ್ಲಿ ಕೂತು ಬರೆದವನಿಗೆ ಪೂರ್ಣಗೊಳಿಸಬೇಕೆಂಬ ಹಠ ಇರಲಿಲ್ಲ. ಈ ಸಂಯಮ ಇಂದಿನ ಕಥಾಲೋಕಗಳಿಗೆ ಬಹಳ ಬೇಕಾಗಿದೆ. ಪ್ರತಿ ಪಕ್ಕದ ಪಾತ್ರಕ್ಕೂ ಒಂದು ಸರಣಿ, ಪ್ರತಿ ಸರಣಿಗೂ ಒಂದು ಮುಂದುವರಿಕೆ ಎಂದು ಹೊರಟ ಮೇಲೆ ಮಾರ್ವೆಲ್ ಲೋಕದ ಹಳೆಯ ಬಿಗಿ ಸಡಿಲವಾದದ್ದನ್ನು ಅದರ ಕಟ್ಟಾ ಅಭಿಮಾನಿಗಳೇ ಹೇಳುತ್ತಾರೆ.

ಮುಂದೆ ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣಕವಿ ಉಳಿದ ಪರ್ವಗಳನ್ನು ಕೈಗೆತ್ತಿಕೊಂಡ. ಅವನು ಕುಮಾರವ್ಯಾಸನ ಭಾಮಿನಿ ಷಟ್ಪದಿಯಲ್ಲೇ ಮುಂದುವರಿಸಿದ ಎಂಬುದು ನನಗೆ ತುಂಬ ಮುಖ್ಯವಾಗಿ ಕಾಣುತ್ತದೆ. ಕೇಳುವ ಕಿವಿಗೆ ನಡೆ ತಪ್ಪಬಾರದೆಂಬ ಕಾಳಜಿ ಅದು. ಲಕ್ಷ್ಮೀಶ ವಾರ್ಧಕ ಷಟ್ಪದಿ ಹಿಡಿದ; ಇದು ಬೇರೆ ಗತ್ತಿನ, ಬೇರೆ ಮೂಲದ ಕಥೆ ಎಂಬುದು ಮೊದಲ ಪದ್ಯದಲ್ಲೇ ಕೇಳಿಸುತ್ತದೆ. ಮುಂದುವರಿಸುವವನಿಗೆ ಒಂದು ನಡೆ, ಕವಲೊಡೆಯುವವನಿಗೆ ಇನ್ನೊಂದು. ನಮ್ಮ ಆಡಿಯೊ ಧಾರಾವಾಹಿಯ ಮುಂದಿನ ಭಾಗ ಬರೆಯುವವರು ಅದೇ ನಿರೂಪಕಿಯ ದನಿ, ಅದೇ ಆರಂಭದ ಸಂಗೀತ, ಅದೇ ಉದ್ದವನ್ನು ಉಳಿಸಿಕೊಳ್ಳುತ್ತಾರೆ. ಕವಲು ಕಥೆ ಬರೆಯುವವರಿಗೆ ಇವು ಮೂರನ್ನೂ ಬದಲಿಸಲು ಹೇಳಿದ್ದೇವೆ.

ಈ ವರ್ಷ ಹಳಬರಲ್ಲಿ ಕೆಲವರು ಓದು ಮುಗಿಸಿ ಬೇರೆ ಊರಿಗೆ ಹೋಗುತ್ತಿದ್ದಾರೆ, ಹೊಸಬರು ಬರುತ್ತಿದ್ದಾರೆ. ಅವರ ಕೈಗೆ ಎರಡು ಪುಸ್ತಕ, ಗೋಡೆಯ ಕೋಷ್ಟಕದ ಪ್ರತಿ, ಪಾತ್ರಗಳ ಮಾತಿನ ಧ್ವನಿಮುದ್ರಣ ಹೋಗುತ್ತವೆ. ಜತೆಗೆ ಬಾಕಿ ಉಳಿದ ಋಣಗಳ ಒಂದು ಹಾಳೆ. ಬೆಂಗೇರಿಯ ತಾಯಿಗೆ ಮಗಳ ಗುಟ್ಟು ತಿಳಿಯುವ ದೃಶ್ಯ ಆ ಹಾಳೆಯ ಮೊದಲ ಸಾಲಿನಲ್ಲಿದೆ. ಅದನ್ನು ನಾವು ಬರೆದಿಲ್ಲ. ಯಾರು ಬರೆದರೂ ತಾಯಿ ಅಂದು ಮೊದಲು ಯಾವ ಮಾತಾಡುತ್ತಾಳೆಂಬುದನ್ನು ಅವಳ ಓಣಿಯ ಕನ್ನಡದಲ್ಲಿ ಬರೆಯಬೇಕು, ಬರೆದ ಮೇಲೆ ತಂಡದೆದುರು ಗಟ್ಟಿಯಾಗಿ ಓದಬೇಕು.